ಆರ್‌ಟಿಎಕ್ಸ್ 4060: ಅಂದ ಎಷ್ಟು ಬೇಕು, ಎಫ್‌ಪಿಎಸ್ ಎಷ್ಟು ಬೇಕು?

1080ಪಿ (1920x1080 ಚುಕ್ಕೆಗಳ) ಮಾನಿಟರ್ ಇಟ್ಟುಕೊಂಡು ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ತಗೋಬೇಕು ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಾರ್ಡ್ ಚೆನ್ನಾಗಿದೆ. ನನಗಂತೂ ತುಂಬಾ ಇಷ್ಟವಾಗಿದೆ. ಆದರೆ ದೊಡ್ಡ ಗೇಮ್‌ಗಳಲ್ಲಿ ಚಿತ್ರದ ಸೆಟ್ಟಿಂಗ್ ಎಲ್ಲವನ್ನೂ ಅಲ್ಟ್ರಾಕ್ಕೆ, ಅಂದರೆ ತೀರಾ ಮೇಲಿನ ಮಟ್ಟಕ್ಕೆ ಹಾಕಿ, ಜೊತೆಗೆ 144 ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಲೆಕ್ಕ) ಕೂಡ ಬೇಕು ಅಂದರೆ ಆಗುವುದಿಲ್ಲ. ಒಂದನ್ನು ಸ್ವಲ್ಪ ಬಿಡಲೇಬೇಕು. ಯಾವ ಗೇಮಿನಲ್ಲಿ ಯಾವುದನ್ನು ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದು ಗೊತ್ತಿದ್ದರೆ ಈ ಕಾರ್ಡಿನಿಂದ ಪೂರ್ತಿ ಕೆಲಸ ತೆಗೆಯಬಹುದು. ಗೊತ್ತಿಲ್ಲದಿದ್ದರೆ ಇದಕ್ಕಿಂತ ದುಬಾರಿ ಕಾರ್ಡ್ ತಂದರೂ ಕಿರಿಕಿರಿ ತಪ್ಪುವುದಿಲ್ಲ.

ನಾವಿರುವುದು ಹಾಸನದಲ್ಲಿ. ಪಿಸಿ ಒಂದೇ, ಆಡುವವರು ಇಬ್ಬರು: ನಾನು ಮತ್ತು ನಮ್ಮ ಚಿಕ್ಕಪ್ಪನ ಮಗ. ಅವನು ಇಲ್ಲೇ ಇಂಜಿನಿಯರಿಂಗ್ ಓದುತ್ತಾ ನಮ್ಮ ಮನೆಯಲ್ಲೇ ಇದ್ದಾನೆ. ಅವನದು ಆನ್‌ಲೈನ್ ಶೂಟಿಂಗ್ ಗೇಮ್‌ಗಳು: ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2. ನನ್ನದು ಕಥೆಯ ಗೇಮ್‌ಗಳು: ರೆಡ್ ಡೆಡ್ ರಿಡೆಂಪ್ಷನ್ 2, ಸೈಬರ್‌ಪಂಕ್ 2077. ಪ್ರೊಸೆಸರ್ ರೈಜೆನ್ 5 5600, ಮದರ್‌ಬೋರ್ಡ್ ಹಳೆಯ ಬಿ450, 16 ಜಿಬಿ ರ್ಯಾಮ್, ಮಾನಿಟರ್ 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಬಿ.ಎಂ. ರಸ್ತೆಯ ಅಂಗಡಿಯವರು ಕಾರ್ಡಿನ ಬೆಲೆ ಹೇಳುವ ಮೊದಲು ಕೇಳಿದ್ದು ಒಂದೇ: "ಏನು ಗೇಮ್ ಆಡ್ತೀರಾ ಅದ್ನ ಮೊದ್ಲು ಹೇಳಿ ಸರ್, ಕಾರ್ಡ್ ಆಮೇಲೆ ನೋಡಣ." ಕೇಳಬೇಕಾದ ಪ್ರಶ್ನೆಯೇ ಅದು. ಸ್ಟಾಕ್ ಇರಲಿಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಟ್ಟರು. ಬಿಲ್ಲು, ವಾರಂಟಿ ಎಲ್ಲಾ ಸರಿಯಾಗಿತ್ತು.

ಈಗ ಎಫ್‌ಪಿಎಸ್ ಲೆಕ್ಕಕ್ಕೆ ಬರೋಣ, ಯಾಕಂದರೆ ಜನ ದಾರಿ ತಪ್ಪುವುದು ಇಲ್ಲೇ. ಎಫ್‌ಪಿಎಸ್ ಅನ್ನು ಮಿಲಿಸೆಕೆಂಡಿಗೆ ತಿರುಗಿಸಿ ನೋಡಿ. 30 ಎಫ್‌ಪಿಎಸ್ ಅಂದರೆ ಒಂದು ಫ್ರೇಮ್ 33.3 ಮಿಲಿಸೆಕೆಂಡ್ ಪರದೆಯ ಮೇಲಿರುತ್ತದೆ. 60 ಅಂದರೆ 16.7. 144 ಅಂದರೆ 6.9. 240 ಅಂದರೆ 4.2. ಅಂದರೆ 30ರಿಂದ 60ಕ್ಕೆ ಹೋದಾಗ ಉಳಿಯುವುದು 16 ಮಿಲಿಸೆಕೆಂಡಿಗೂ ಜಾಸ್ತಿ, 60ರಿಂದ 144ಕ್ಕೆ ಹೋದಾಗ ಸುಮಾರು 10, 144ರಿಂದ 240ಕ್ಕೆ ಹೋದಾಗ ಮೂರಕ್ಕೂ ಕಡಿಮೆ. ಮೇಲೆ ಮೇಲೆ ಹೋದಷ್ಟೂ ಲಾಭ ಸಣ್ಣದಾಗುತ್ತಾ ಹೋಗುತ್ತದೆ, ಆದರೆ ಅದಕ್ಕೆ ತೆರಬೇಕಾದ ದುಡ್ಡು ಮತ್ತು ಬಿಡಬೇಕಾದ ಅಂದ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ 30ರಲ್ಲಿ ಒದ್ದಾಡುವವರು ಅಂದ ಬಿಟ್ಟು 60ಕ್ಕೆ ಬರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. 60 ದಾಟಿದ ಮೇಲೆ ಯಾವ ಗೇಮ್ ಅನ್ನುವುದು ನಿರ್ಧರಿಸುತ್ತದೆ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಸರಾಸರಿ ಎಫ್‌ಪಿಎಸ್ ನೋಡಿ ಕಾರ್ಡನ್ನು ಅಳೆಯಬೇಡಿ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಒಬ್ಬ ಡ್ರೈವರ್ ಒಂದೇ ಹದದಲ್ಲಿ ನಿಧಾನಕ್ಕೆ ಇಳಿಸುತ್ತಾನೆ, ಇನ್ನೊಬ್ಬ ನುಗ್ಗಿಸಿ ತಿರುವಿನಲ್ಲಿ ಬ್ರೇಕ್ ಒತ್ತುತ್ತಾನೆ. ಇಬ್ಬರೂ ಒಂದೇ ಹೊತ್ತಿಗೆ ಕೆಳಗೆ ತಲುಪಿಸಿದರೂ ಹೊಟ್ಟೆ ತೊಳೆಸುವುದು ಎರಡನೆಯವನ ಬಸ್ಸಿನಲ್ಲೇ. ಫ್ರೇಮ್ ಕೂಡ ಹಾಗೆಯೇ. 90ಕ್ಕೆ ಏರಿ 50ಕ್ಕೆ ಬೀಳುವುದಕ್ಕಿಂತ 60ರಲ್ಲಿ ಅಲುಗಾಡದೆ ನಿಲ್ಲುವುದು ಕಣ್ಣಿಗೆ ಎಷ್ಟೋ ನುಣುಪು. ಪರೀಕ್ಷೆ ಮಾಡುವಾಗ "1% ಲೋ" ಅನ್ನುವ ಅಂಕಿಯನ್ನು ನೋಡಿ. ತೀರಾ ನಿಧಾನವಾಗಿ ಬಂದ ಫ್ರೇಮ್‌ಗಳು ಎಷ್ಟು ನಿಧಾನ ಅನ್ನುವುದನ್ನು ಅದು ತೋರಿಸುತ್ತದೆ.

ರೆಡ್ ಡೆಡ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬಯಲಿನಲ್ಲಿ ಕುದುರೆ ಓಡಿಸುವಾಗ ಎಫ್‌ಪಿಎಸ್ ಆರಾಮಾಗಿ ಮೇಲಿರುತ್ತದೆ. ಸೇಂಟ್ ಡೆನಿಸ್ ಪಟ್ಟಣದೊಳಗೆ ಹೋದ ಕೂಡಲೇ, ಅದರಲ್ಲೂ ಮಳೆ ಬಿದ್ದ ರಾತ್ರಿ ಬೀದಿದೀಪದ ಬೆಳಕು ಮಂಜಿನಲ್ಲಿ ಹರಡಿಕೊಂಡಿರುವಾಗ, ಕೆಳಗಿಳಿಯುತ್ತದೆ. ನಾನು ಸೆಟ್ಟಿಂಗ್ ಹೊಂದಿಸಿದ್ದೇ ಆ ಪಟ್ಟಣದಲ್ಲಿ ನಿಂತು. ಅತ್ಯಂತ ಭಾರದ ಜಾಗದಲ್ಲಿ 60 ನಿಂತರೆ ಬೇರೆ ಕಡೆ ನಿಲ್ಲಲೇಬೇಕಲ್ವಾ? ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರ) ಮಾತ್ರ ಅಲ್ಟ್ರಾದಲ್ಲೇ ಇಡಿ. ಈ ಗೇಮಿನಲ್ಲಿ ಅದನ್ನು ಒಂದು ಮೆಟ್ಟಿಲು ಇಳಿಸಿದರೂ ಮಣ್ಣು, ಮರದ ತೊಗಟೆ, ಕೋಟಿನ ಬಟ್ಟೆ ಎಲ್ಲಾ ಮಸುಕಾಗಿಬಿಡುತ್ತದೆ, ಎಫ್‌ಪಿಎಸ್ ಮಾತ್ರ ಹೆಚ್ಚೇನೂ ಏರುವುದಿಲ್ಲ. ಅನಿಸೊಟ್ರೊಪಿಕ್ ಫಿಲ್ಟರಿಂಗ್ 16 ಇರಲಿ, ಅದಕ್ಕೆ ಹೆಚ್ಚುಕಮ್ಮಿ ಖರ್ಚೇ ಇಲ್ಲ. ದೂರದ ನೆಲ ಚೊಕ್ಕಟವಾಗಿ ಕಾಣುವುದು ಅದರಿಂದಲೇ. ಅಂಚುಗಳ ಗರಗಸದಂಥ ಗೆರೆಯನ್ನು ಸವರುವ ಎಂಎಸ್‌ಎಎ ಆಫ್ ಮಾಡಿ, ಅದು ಫ್ರೇಮ್‌ಗಳನ್ನು ನುಂಗುತ್ತದೆ. ನೀರಿನ ಫಿಸಿಕ್ಸ್ ಅರ್ಧಕ್ಕಿಂತ ಕೆಳಗಿರಲಿ. ವಾಲ್ಯೂಮೆಟ್ರಿಕ್ ಬೆಳಕು (ಮಂಜಿನಲ್ಲಿ ಹರಡುವ ಬೆಳಕು) ಮೀಡಿಯಂನಿಂದ ಹೈ, ನೆರಳು ಹೈ, ನೀರಿನ ಪ್ರತಿಫಲನ ಮೀಡಿಯಂ. ಇಷ್ಟು ಮಾಡಿ, ಬೆಳಗಿನ ಹೊತ್ತು ಮಂಜು ಏಳುವಾಗ ಕಾಡಿನೊಳಗೆ ಕುದುರೆ ನಿಲ್ಲಿಸಿ ನೋಡಿ. ಅಲ್ಟ್ರಾದ ಚಿತ್ರ, ನನ್ನ ಸೆಟ್ಟಿಂಗಿನ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಹುಡುಕಿದರೆ ಮಾತ್ರ ವ್ಯತ್ಯಾಸ ಸಿಗುತ್ತದೆ. ಆಡುವಾಗ ಯಾರೂ ಹಾಗೆ ಹುಡುಕುವುದಿಲ್ಲ.

ಸೈಬರ್‌ಪಂಕ್‌ನ ಕಥೆ ಬೇರೆ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ಚಿತ್ರ ಬಿಡಿಸುವುದು) ಇಲ್ಲದೆ 1080ಪಿಯಲ್ಲಿ ಅಲ್ಟ್ರಾ ಹಾಕಿದರೂ 60ರ ಆಸುಪಾಸು ಬರುತ್ತದೆ. ರೇ ಟ್ರೇಸಿಂಗ್ ಆನ್ ಮಾಡಿದರೆ ಒದ್ದೆ ರಸ್ತೆಯಲ್ಲಿ ನಿಯಾನ್ ಬೋರ್ಡ್‌ಗಳು ಪ್ರತಿಫಲಿಸುವುದು ನಿಜಕ್ಕೂ ಬೇರೆಯೇ ಲೋಕ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಕಾರ್ಡಿಗೆ ಅದು ಭಾರ. 2023ರ ಏಪ್ರಿಲ್‌ನಲ್ಲಿ ಬಂದ, ರೇ ಟ್ರೇಸಿಂಗ್‌ನ ಇನ್ನೂ ಭಾರದ ರೂಪವಾದ ಪಾಥ್ ಟ್ರೇಸಿಂಗ್ ಮೋಡ್ ಅನ್ನು ಒಂದು ಸಲ ಹಾಕಿ, ಕಣ್ತುಂಬ ನೋಡಿ, ಫೋಟೋ ಮೋಡ್‌ನಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಆಫ್ ಮಾಡಿ. ಗುಂಡಿನ ಕಾಳಗ ನಡೆಯುವಾಗ ಅದು ಬೇಡ.

ಇಲ್ಲಿ ಡಿಎಲ್‌ಎಸ್‌ಎಸ್ ಬಗ್ಗೆ ಎರಡು ಮಾತು. ಗೇಮ್ ಚಿಕ್ಕ ಚಿತ್ರ ಬಿಡಿಸುತ್ತದೆ, ಕಾರ್ಡ್ ಅದನ್ನು ಹಿಗ್ಗಿಸಿ ತುಂಬಿಕೊಡುತ್ತದೆ. 1080ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ತಯಾರಾಗುವ ಚಿತ್ರ 720ಪಿಯದು. 2025ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಅನ್ನುವ ಹೊಸ ಎಐ ಮಾದರಿಯಿಂದ ಅದು ತುಂಬಾ ಸುಧಾರಿಸಿದೆ, ಈ ಕಾರ್ಡಿನಲ್ಲೂ ಕೆಲಸ ಮಾಡುತ್ತದೆ. ಕ್ವಾಲಿಟಿ ಮೋಡ್ ಧೈರ್ಯವಾಗಿ ಬಳಸಿ. ಅದಕ್ಕಿಂತ ಕೆಳಗೆ 1080ಪಿಯಲ್ಲಿ ನಾನು ಹೋಗುವುದಿಲ್ಲ, ಕೂದಲು, ತಂತಿ, ದೂರದ ಎಲೆ ಎಲ್ಲಾ ಕಲಸಿದ ಹಾಗೆ ಆಗುತ್ತದೆ. ಫ್ರೇಮ್ ಜನರೇಷನ್ ಅನ್ನುವುದು ಇನ್ನೊಂದು. ಎರಡು ಅಸಲಿ ಫ್ರೇಮ್‌ಗಳ ನಡುವೆ ಕಾರ್ಡ್ ಒಂದನ್ನು ತಾನೇ ಊಹಿಸಿ ಸೇರಿಸುತ್ತದೆ. ಅಂಕಿ ಜಿಗಿಯುತ್ತದೆ, ಕಣ್ಣಿಗೆ ನುಣುಪಾಗಿಯೂ ಕಾಣುತ್ತದೆ. ಆದರೆ ಮೌಸ್ ಅಲ್ಲಾಡಿಸಿದ್ದಕ್ಕೆ ಉತ್ತರ ಬರುವುದು ಅಸಲಿ ಫ್ರೇಮ್‌ನಲ್ಲಿ ಮಾತ್ರ, ಜೊತೆಗೆ ಒಂದಿಷ್ಟು ತಡವೂ ಸೇರುತ್ತದೆ. ಮೊದಲೇ 60 ಬರುತ್ತಿದ್ದರೆ ಹಾಕಿ, ಚೆನ್ನಾಗಿರುತ್ತದೆ. 30 ಬರುವುದನ್ನು 60 ಮಾಡಲು ಹಾಕಿದರೆ ಕೈಗೆ 30ರ ಭಾರವೇ ಸಿಗುತ್ತದೆ. ಬಾಕ್ಸ್ ಮೇಲಿನ ಎಫ್‌ಪಿಎಸ್ ಜಾಹೀರಾತು ನೋಡುವಾಗ ಫ್ರೇಮ್ ಜನರೇಷನ್ ಸೇರಿಸಿದ ಅಂಕಿಯೋ ಅಲ್ಲವೋ ಅಂತ ಸಣ್ಣಕ್ಷರ ಓದಿ ನೋಡಿ.

ಇನ್ನು ತಮ್ಮನ ಲೋಕ. "ಅಣ್ಣ, ಗೋಡೆ ಮೇಲಿನ ಪೇಂಟ್ ನೋಡ್ತಾ ನಿಂತ್ರೆ ತಲೆ ಹೋಗುತ್ತೆ, ಮೂಲೇಲಿ ಆಳು ಕಂಡ್ರೆ ಸಾಕು ನಂಗೆ" ಅನ್ನುತ್ತಾನೆ. ಅವನು ಹೇಳುವುದು ಸರಿ. ವ್ಯಾಲರಂಟ್‌ನಲ್ಲಿ ಮೂಲೆಯಿಂದ ಇಣುಕಿದವನು ಪರದೆಯ ಮೇಲೆ ಎಷ್ಟು ಬೇಗ ಕಾಣುತ್ತಾನೆ ಅನ್ನುವುದೇ ಆಟ. ಅಲ್ಲಿ 60ಕ್ಕೂ 144ಕ್ಕೂ ನಡುವಿನ ಆ 10 ಮಿಲಿಸೆಕೆಂಡಿಗೆ ಬೆಲೆಯಿದೆ. ಅವನ ಸೆಟ್ಟಿಂಗ್ ಎಲ್ಲಾ ಲೋ, ರಿಫ್ಲೆಕ್ಸ್ (ಮೌಸ್ ಒತ್ತಿದ್ದು ಪರದೆಗೆ ಬರುವ ತಡವನ್ನು ಕಡಿಮೆ ಮಾಡುವ ಸೆಟ್ಟಿಂಗ್) ಆನ್. ಆದರೂ ಕೌಂಟರ್-ಸ್ಟ್ರೈಕ್ 2ರಲ್ಲಿ ನೆರಳನ್ನು ಮಾತ್ರ ಹೈನಲ್ಲಿಟ್ಟಿದ್ದಾನೆ. ಗೋಡೆಯಾಚೆ ನಿಂತವನ ನೆರಳು ನೆಲದ ಮೇಲೆ ಬಿದ್ದರೆ ಆಳು ಕಾಣುವ ಮೊದಲೇ ಗೊತ್ತಾಗುತ್ತದೆ. ಲೋ ಹಾಕಿದರೆ ಎಷ್ಟೋ ಸಲ ಆ ನೆರಳೇ ಕಾಣುವುದಿಲ್ಲ. ಗ್ರಾಫಿಕ್ಸ್ ಅಂದರೆ ಬರೀ ಅಲಂಕಾರ ಅನ್ನುವವರು ಇದನ್ನು ಗಮನಿಸಬೇಕು.

ಈ ಗೇಮ್‌ಗಳಲ್ಲಿ ಗ್ರಾಫಿಕ್ಸ್ ಇಳಿಸುತ್ತಾ ಹೋದರೂ ಒಂದು ಹಂತದ ಮೇಲೆ ಎಫ್‌ಪಿಎಸ್ ಏರುವುದಿಲ್ಲ. ಕಾರ್ಡ್ ಖಾಲಿ ಕೂತಿರುತ್ತದೆ, ಪ್ರೊಸೆಸರ್ ಉಸಿರು ಕಟ್ಟಿಕೊಂಡು ಕೆಲಸ ಮಾಡುತ್ತಿರುತ್ತದೆ. ಕಂಡುಹಿಡಿಯುವುದು ಸುಲಭ. ರೆಸಲ್ಯೂಷನ್ ಇಳಿಸಿ ನೋಡಿ. ಎಫ್‌ಪಿಎಸ್ ಅಲ್ಲಾಡಲಿಲ್ಲ ಅಂದರೆ ತಡೆ ಕಾರ್ಡಿನದಲ್ಲ. ಅಂಥವರು ಹೊಸ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ರ್ಯಾಮ್ ಎರಡು ಕಡ್ಡಿ ಇದೆಯಾ, ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ) ರ್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಆಗಿದೆಯಾ ನೋಡಿಕೊಳ್ಳಲಿ. ಇನ್ನು ಪಿಂಗ್ ಜಾಸ್ತಿ ಬರುತ್ತಿದೆ ಅಂತ ಗ್ರಾಫಿಕ್ಸ್ ಇಳಿಸುವವರೂ ಇದ್ದಾರೆ. ವ್ಯಾಲರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ, ಹಾಸನದಿಂದ ಅಲ್ಲಿಗೆ ಡೇಟಾ ಹೋಗಿ ಬರುವುದಕ್ಕೂ ನಿಮ್ಮ ಸೆಟ್ಟಿಂಗಿಗೂ ಸಂಬಂಧವಿಲ್ಲ. ವೈ-ಫೈ ಬಿಟ್ಟು ಕೇಬಲ್ ಎಳೆಯಿರಿ.

ಕಾರ್ಡಿನ ದೊಡ್ಡ ಕೊರತೆ 8 ಜಿಬಿ ಮೆಮೊರಿ. 2021ರ ಆರ್‌ಟಿಎಕ್ಸ್ 3060ಗೆ 12 ಜಿಬಿ ಕೊಟ್ಟು, 2023ರ ಜೂನ್‌ನಲ್ಲಿ ಬಂದ 4060ಗೆ 8 ಜಿಬಿ ಕೊಟ್ಟಿದ್ದು ನನಗೆ ಈಗಲೂ ಬೇಜಾರು. ಮೆಮೊರಿ ಬಸ್, ಅಂದರೆ ಮೆಮೊರಿಗೆ ಡೇಟಾ ಹೋಗಿಬರುವ ದಾರಿ ಕೂಡ 192 ಬಿಟ್‌ನಿಂದ 128ಕ್ಕೆ ಇಳಿದಿದೆ. ಟೆಕ್ಸ್ಚರ್ ಅಲ್ಟ್ರಾಕ್ಕೆ ಇಡಿ ಅಂದೆನಲ್ಲ, ಅದು ಮೆಮೊರಿಯೊಳಗೆ ಹಿಡಿಸುವ ತನಕ ಮಾತ್ರ. ತುಂಬಿತು ಅಂದರೆ ನಿಧಾನವಾಗಿ ಇಳಿಯುವುದಿಲ್ಲ, ಗಕ್ಕನೆ ನಿಂತು ನಿಂತು ಹೋಗುತ್ತದೆ. ಹೊಸ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿಯೇ ಶುರು ಮಾಡಿ. ನಮ್ಮ ಬಿ450ಯಂಥ ಹಳೆಯ ಬೋರ್ಡ್ ಇರುವವರು ಇನ್ನೂ ಹುಷಾರಾಗಿರಬೇಕು. ಈ ಕಾರ್ಡಿಗೆ ಪಿಸಿಐಇಯ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ಕೊಂಡಿಯ) ಎಂಟು ಲೇನ್ ಮಾತ್ರ. ಅವು ಹಳೆಯ ಬೋರ್ಡಿನಲ್ಲಿ ಹಿಂದಿನ ತಲೆಮಾರಿನ, ನಿಧಾನದ 3.0 ವೇಗದಲ್ಲೇ ಓಡುವುದರಿಂದ, ಮೆಮೊರಿ ತುಂಬಿದಾಗ ಪೆಟ್ಟು ಜೋರಾಗಿಯೇ ಬೀಳುತ್ತದೆ.

ಒಳ್ಳೆಯ ಗುಣ ಅಂದರೆ ಕರೆಂಟ್ ಉಳಿತಾಯ. ಗರಿಷ್ಠ 115 ವ್ಯಾಟ್ ಅಷ್ಟೇ. 60ಕ್ಕೆ ಕಟ್ಟಿಹಾಕಿದರೆ ಇನ್ನೂ ಕಡಿಮೆ. ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟಾಗ ನಮ್ಮ ಚಿಕ್ಕ 600 ವಿಎ ಯುಪಿಎಸ್ ಗೇಮ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ತಡೆದುಕೊಳ್ಳುತ್ತದೆ. ಬಡವರ ಊಟಿ ಅಂತ ಹೆಸರಿದ್ದರೂ ಏಪ್ರಿಲ್‌ನಲ್ಲಿ ಹಾಸನದ ಕೋಣೆಗಳೂ ಬಿಸಿಯಾಗುತ್ತವೆ. ಆಗಲೂ ಫ್ಯಾನ್ ಸದ್ದು ಮಾತಿಗೆ ಅಡ್ಡಿಯಾಗುವಷ್ಟು ಏರಿಲ್ಲ.

ಮಾನಿಟರ್ ಬಗ್ಗೆ ಹೇಳದಿದ್ದರೆ ಮೇಲಿನದೆಲ್ಲಾ ವ್ಯರ್ಥ. 144 ಹರ್ಟ್ಜ್ ಮಾನಿಟರ್ ತಂದು 60ರಲ್ಲೇ ಓಡಿಸುವವರು ತುಂಬಾ ಜನ. ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ಅಂತ ಈಗಲೇ ಎದ್ದು ನೋಡಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ. ಅಡಾಪ್ಟಿವ್ ಸಿಂಕ್ ಇದ್ದರೆ ಆನ್ ಮಾಡಿ, ಆಗ 55 ಬಂದರೂ 70 ಬಂದರೂ ಮಾನಿಟರ್ ಅದಕ್ಕೆ ತಕ್ಕ ಹಾಗೆ ಹೆಜ್ಜೆ ಹಾಕುತ್ತದೆ. ಇಲ್ಲದಿದ್ದರೆ 60ಕ್ಕಲ್ಲ, 72ಕ್ಕೆ ಕಟ್ಟಿಹಾಕಿ. 144ರ ಸರಿಯರ್ಧ ಅದು, ಪ್ರತಿ ಫ್ರೇಮ್‌ಗೂ ಪರದೆಯ ಎರಡು ಸುತ್ತು ಸಮನಾಗಿ ಸಿಗುತ್ತದೆ. 60 ಹಾಕಿದರೆ ಒಂದು ಫ್ರೇಮ್ ಎರಡು ಸುತ್ತು, ಇನ್ನೊಂದು ಮೂರು ಸುತ್ತು ಉಳಿದು, ಕ್ಯಾಮೆರಾ ತಿರುಗಿಸುವಾಗ ಸಣ್ಣಗೆ ಜಗ್ಗಿದ ಹಾಗೆ ಕಾಣುತ್ತದೆ.

ತಗೋಬೇಕಾ ಅಂದರೆ, 1080ಪಿಯಲ್ಲಿ ಶೂಟಿಂಗ್ ಗೇಮ್ ಆಡುವವರು, ಕಥೆಯ ಗೇಮ್‌ಗಳನ್ನು 60ರಲ್ಲಿ ಹೈ ಸೆಟ್ಟಿಂಗಿನಲ್ಲಿ ಆಡಿ ಖುಷಿಪಡುವವರು ಕಡಿಮೆ ಬೆಲೆಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ. 2025ರ ಮೇನಲ್ಲಿ ಬಂದ 5060 ಇದಕ್ಕಿಂತ ವೇಗ, ಆದರೆ ಅದಕ್ಕೂ ಅದೇ 8 ಜಿಬಿ. ಅಂದವೇ ಮುಖ್ಯ, ಟೆಕ್ಸ್ಚರ್ ಇಳಿಸಲು ಮನಸ್ಸಿಲ್ಲ, 1440ಪಿ ಮಾನಿಟರ್ ತರುವ ಯೋಚನೆಯೂ ಇದೆ ಅನ್ನುವವರು ಸ್ವಲ್ಪ ತಡೆದು, ದುಡ್ಡು ಕೂಡಿಸಿ 5060 ಟಿಐನ 16 ಜಿಬಿ ಕಾರ್ಡಿಗೆ ಹೋಗಿ. ಅದರಲ್ಲಿ 8 ಜಿಬಿಯದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ, ಬಿಲ್ ಹಾಕಿಸುವಾಗ ಬಾಕ್ಸ್ ಮೇಲೆ 16 ಅಂತ ಇರುವುದನ್ನು ನೋಡಿಯೇ ದುಡ್ಡು ಕೊಡಿ.