ಸಣ್ಣ ಕಾರಿಗೆ ಸ್ಟ್ರಟ್ ಬಾರ್ ಮತ್ತು ಚಾಸಿ ಬ್ರೇಸ್: ಒಂದು ವರ್ಷದ ಬಳಕೆಯ ನಂತರ

ನನ್ನ ಸಣ್ಣ ಹ್ಯಾಚ್‌ಬ್ಯಾಕ್ ಕಾರಿಗೆ ತಿರುವಿನಲ್ಲಿ ಬಾಡಿ ಬಾಗದಂತೆ ಬಿಗಿಗೊಳಿಸುವ ಮೂರು ಬಾರ್‌ಗಳ ಒಂದು ಕಿಟ್ಟನ್ನು ನಾನೇ ಕೈಯಾರೆ ಜೋಡಿಸಿ ಈಗ ಒಂದು ವರ್ಷವಾಗಿದೆ. ಬಾನೆಟ್ಟಿನ ಕೆಳಗೆ ಎಡ ಮತ್ತು ಬಲ ಸ್ಟ್ರಟ್ ಟವರ್‌ಗಳ (ಮುಂಬದಿ ಷಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಕೂರುವ ಬಾಡಿಯ ಭಾಗಗಳ) ನಡುವೆ ಅಡ್ಡಲಾಗಿ ಕೂರುವ ಬಾರ್ ಒಂದು; ಕಾರಿನ ಅಡಿಯಲ್ಲಿ ಎರಡೂ ಲೋವರ್ ಆರ್ಮ್‌ಗಳ, ಅಂದರೆ ಮುಂಚಕ್ರಗಳನ್ನು ಕೆಳಗಿನಿಂದ ಹಿಡಿದಿಡುವ ತೋಳುಗಳ, ಬುಡವನ್ನು ಒಂದಕ್ಕೊಂದು ಬಿಗಿಯುವ ಬ್ರೇಸ್ ಇನ್ನೊಂದು; ಡಿಕ್ಕಿಯೊಳಗೆ ಹಿಂಬದಿ ಷಾಕ್ ಅಬ್ಸಾರ್ಬರ್‌ಗಳ ಮೇಲ್ತುದಿಗಳನ್ನು ಜೋಡಿಸುವ ಬಾರ್ ಮೂರನೆಯದು. ಈ ಮೂರರಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಬಾನೆಟ್ಟಿನ ಕೆಳಗಿನದು, ಆದರೆ ಕಾರನ್ನು ನಿಜವಾಗಿ ಬದಲಾಯಿಸಿದ್ದು ಯಾರ ಕಣ್ಣಿಗೂ ಬೀಳದ ಅಡಿಯ ಬ್ರೇಸ್. ಕೊಳ್ಳುವ ಯೋಚನೆಯಲ್ಲಿರುವವರಿಗೆ ಈ ಮಾತು ಮೊದಲೇ ತಿಳಿದಿರಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಈ ವಿನ್ಯಾಸದಲ್ಲಿ ಚಕ್ರವನ್ನು ನೆಟ್ಟಗೆ ಹಿಡಿದಿಡಲು ಮೇಲೆ ಪ್ರತ್ಯೇಕ ತೋಳು ಇರುವುದಿಲ್ಲ. ಷಾಕ್ ಅಬ್ಸಾರ್ಬರ್ ತಾನೇ ಆ ಕೆಲಸವನ್ನೂ ಮಾಡುವುದರಿಂದ, ಅದರ ಮೇಲ್ತುದಿ ಬೋಲ್ಟಾಗಿರುವ ಟವರ್ ಕಾರಿನ ಭಾರವನ್ನು ಹೊರುವುದರ ಜೊತೆಗೆ ತಿರುವಿನಲ್ಲಿ ಹುಟ್ಟುವ ಅಡ್ಡ ಬಲವನ್ನೂ ತಡೆದುಕೊಳ್ಳಬೇಕಾಗುತ್ತದೆ. ಡಬಲ್ ವಿಷ್‌ಬೋನ್ (ಚಕ್ರಕ್ಕೆ ಮೇಲೊಂದು ಕೆಳಗೊಂದು ತೋಳು) ಇರುವ ಕಾರುಗಳಲ್ಲಿ ಆ ಅಡ್ಡ ಬಲವನ್ನು ತೋಳುಗಳೇ ಹೊರುತ್ತವೆ, ಹಾಗಾಗಿ ಅಲ್ಲಿ ಇಂಥ ಬಾರ್‌ಗೆ ಅಷ್ಟು ಕೆಲಸವಿಲ್ಲ.

ಬಲ ಎಲ್ಲಿ ಎಷ್ಟು ಬೀಳುತ್ತದೆ ಎಂಬುದನ್ನು ಕೈಯಲ್ಲೇ ಅನುಭವಿಸಿ ನೋಡಬಹುದು. ಒಂದು ಹಾರೆಯನ್ನು ನೆಟ್ಟಗೆ ನಿಲ್ಲಿಸಿ, ಮೇಲ್ತುದಿಯನ್ನು ಒಂದು ಕೈಯಲ್ಲಿಯೂ ಬುಡದಿಂದ ಒಂದು ಗೇಣು ಮೇಲಿನ ಜಾಗವನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ಬೇರೊಬ್ಬರಿಂದ ಬುಡವನ್ನು ಕಾಲಿನಲ್ಲಿ ಒತ್ತಿಸಿ. ಕೆಳಗಿನ ಕೈಗೆ ಬೀಳುವ ಒತ್ತಡ ಅವರು ಒತ್ತಿದ್ದಕ್ಕಿಂತಲೂ ಹೆಚ್ಚಾಗಿರುತ್ತದೆ. ಮೇಲಿನ ಕೈ ಮಾತ್ರ ಕಡಿಮೆ ಬಲದಲ್ಲಿ, ಅದೂ ವಿರುದ್ಧ ದಿಕ್ಕಿಗೆ ಎಳೆಯಲ್ಪಡುತ್ತದೆ. ಕಾರಿನ ಹೊರಬದಿಯ ಮುಂಚಕ್ರಕ್ಕೆ ತಿರುವಿನಲ್ಲಿ ಆಗುವುದೂ ಇದೇ. ಲೋವರ್ ಆರ್ಮಿನ ಬಾಲ್ ಜಾಯಿಂಟ್ (ಚಕ್ರದ ಬದಿಯ ಕೀಲು) ನೆಲದಿಂದ 20 ಸೆಂಟಿಮೀಟರ್, ಟವರಿನ ತುದಿ 80 ಸೆಂಟಿಮೀಟರ್ ಎತ್ತರದಲ್ಲಿವೆ ಎಂದಿಟ್ಟುಕೊಂಡರೆ, ಸನ್ನೆಕೋಲಿನ ಲೆಕ್ಕದಲ್ಲಿ ಕೆಳಗಿನ ಬುಡಕ್ಕೆ ಬೀಳುವ ಅಡ್ಡ ಬಲವು ಮೇಲಿನದರ ನಾಲ್ಕು ಪಟ್ಟಾಗುತ್ತದೆ. ಇದರ ಮೇಲೆ, ಸಣ್ಣ ಕಾರುಗಳಲ್ಲಿ ಟವರ್‌ಗಳು ಸಾಮಾನ್ಯವಾಗಿ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲಿಗೆ ತೀರ ಹತ್ತಿರದಲ್ಲಿರುತ್ತವೆ. ಆ ಅಡ್ಡಗೋಡೆಯೇ ಅವುಗಳನ್ನು ಅರ್ಧಕ್ಕರ್ಧ ಹಿಡಿದಿಟ್ಟಿರುತ್ತದೆ. ಅಡಿಯ ಬ್ರೇಸ್ ಹೆಚ್ಚು ಫಲ ಕೊಟ್ಟಿದ್ದಕ್ಕೆ ನನಗೆ ಕಾಣುವ ಕಾರಣ ಇದು. ಆದರೆ ನನ್ನ ಕಾರಿನಲ್ಲಿ ಲೋವರ್ ಆರ್ಮ್‌ಗಳ ಬುಡವನ್ನು ಸುತ್ತುವರಿದ ಗಟ್ಟಿಯಾದ ಸಬ್‌ಫ್ರೇಮ್ (ಬಾಡಿಗೆ ಬೋಲ್ಟಾಗುವ ಪ್ರತ್ಯೇಕ ಚೌಕಟ್ಟು) ಇಲ್ಲ ಎಂಬುದನ್ನೂ ಹೇಳಬೇಕು. ಅಂಥ ಸಬ್‌ಫ್ರೇಮ್ ಇರುವ ಕಾರಿಗೆ ಇದೇ ಬ್ರೇಸ್ ಹಾಕಿದರೆ ವ್ಯತ್ಯಾಸ ಬಹಳ ಕಡಿಮೆಯಾದೀತು.

ಇನ್ನು ಕಿಟ್ಟಿನ ಗುಣಮಟ್ಟ. ಮೇಲಿನ ಬಾರ್ ಉಕ್ಕಿನ ಕೊಳವೆಯಿಂದ ಮಾಡಿದ್ದು, ಎರಡು ತುದಿಯ ಪ್ಲೇಟ್‌ಗಳನ್ನು ನೇರವಾಗಿ ವೆಲ್ಡ್ ಮಾಡಿದ್ದಾರೆ. ನಾನು ಇದನ್ನೇ ಆರಿಸಿಕೊಂಡಿದ್ದು ಆ ವೆಲ್ಡಿಂಗಿಗಾಗಿ. ತುದಿಗಳಲ್ಲಿ ಒಂದೊಂದೇ ಬೋಲ್ಟಿನ ಮೇಲೆ ಕೀಲಿನಂತೆ ಆಡುವ ಬಾರ್‌ಗಳು ಜೋಡಿಸಲು ಸುಲಭವಾದರೂ, ಎಳೆತ ಮತ್ತು ಒತ್ತಡವನ್ನಷ್ಟೇ ತಡೆಯುತ್ತವೆ, ಟವರ್ ಓಲುವುದನ್ನು ತಡೆಯುವುದಿಲ್ಲ. ಎಂಜಿನ್ನಿನ ಮೇಲಿಂದ ದೊಡ್ಡದಾಗಿ ಬಾಗಿ ಹೋಗುವ ಬಾರ್ ಇನ್ನೂ ದುರ್ಬಲ, ಏಕೆಂದರೆ ಒತ್ತಡ ಬಿದ್ದಾಗ ಅದು ಬಿಲ್ಲಿನಂತೆ ಮತ್ತಷ್ಟು ಬಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಬಾರ್‌ಗಳು ಹಗುರವೇನೋ ಹೌದು, ಆದರೆ ಆ ಲೋಹದ ಬಿಗುವು ಉಕ್ಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ. ಅದೇ ಗಾತ್ರದ ಕೊಳವೆಯಿಂದ ಅದೇ ಫಲವನ್ನು ನಿರೀಕ್ಷಿಸುವಂತಿಲ್ಲ.

ಮೇಲಿನ ಬಾರ್ ಕೂರಿಸುವುದು ನೋಡಲು ಅರ್ಧ ಗಂಟೆಯ ಕೆಲಸ. ನನಗೆ ಒಂದು ಇಡೀ ಬೆಳಗ್ಗೆ ಹಿಡಿಯಿತು, ಹಿಡಿದಿದ್ದೇ ಒಳ್ಳೆಯದಾಯಿತು. ಚಕ್ರಗಳು ನೆಲದ ಮೇಲಿರುವಾಗಲೇ ಈ ಕೆಲಸ ಮಾಡಬೇಕು. ಜಾಕ್ ಹಾಕಿ ಎತ್ತಿದರೆ ಸ್ಟ್ರಟ್ ಕೆಳಕ್ಕೆ ಜೋತು ಬೀಳುತ್ತದೆ. ಟವರಿನ ಅಂಚಿನಲ್ಲಿರುವ ಸಣ್ಣ ನಟ್ಟುಗಳನ್ನು ಮಾತ್ರ ಬಿಚ್ಚಬೇಕು. ನಡುವಿನ ದೊಡ್ಡ ನಟ್ಟು ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುತ್ತದೆ, ಅದಕ್ಕೆ ಸ್ಪ್ಯಾನರ್ ತಾಗಿಸಲೇಬಾರದು. ನಟ್ಟು ಬಿಚ್ಚುವ ಮೊದಲು ಸ್ಟಡ್‌ಗಳ (ಸಣ್ಣ ನಟ್ಟುಗಳು ಕೂರುವ ತಿರುಪು ಕಡ್ಡಿಗಳ) ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡೆ, ಏಕೆಂದರೆ ರಂಧ್ರದೊಳಗೆ ಸ್ಟಡ್ ಒಂದು ಮಿಲಿಮೀಟರ್ ಜರುಗಿದರೂ ಚಕ್ರದ ಕ್ಯಾಂಬರ್, ಅಂದರೆ ಅದು ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಬದಲಾಗುತ್ತದೆ.

ಇಲ್ಲೇ ಕಿಟ್ಟಿನ ಮೊದಲ ದೋಷ ಎದುರಾಯಿತು. ಬಲಗಡೆಯ ಪ್ಲೇಟಿನ ರಂಧ್ರಗಳು ಸ್ಟಡ್‌ಗಳ ಮೇಲೆ ಸರಾಗವಾಗಿ ಇಳಿಯದೆ, ಸುಮಾರು ಎರಡು ಮಿಲಿಮೀಟರ್ ಒಳಕ್ಕೆ ಬಂದಿದ್ದವು. ಬಾರನ್ನು ಒತ್ತಿ, ಬಡಿದು ಕೂರಿಸಿಬಿಡಬಹುದಿತ್ತು; ಹಾಗೆ ಮಾಡಿದ್ದರೆ ಎರಡು ಟವರ್‌ಗಳೂ ದಿನವಿಡೀ ಎಳೆತದಲ್ಲಿಯೇ ಇರುತ್ತಿದ್ದವು. ನಾನು ಅರದಿಂದ ರಂಧ್ರಗಳನ್ನು ತುಸು ಉದ್ದ ಮಾಡಿ, ಉಜ್ಜಿದ ಜಾಗಕ್ಕೆ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿ, ಅದು ಒಣಗುವವರೆಗೆ ಕಾದೆ. ಬಾರ್ ತನ್ನ ಭಾರದಿಂದಲೇ ಸ್ಟಡ್‌ಗಳ ಮೇಲೆ ಇಳಿಯಬೇಕು. ಅದಕ್ಕಿಂತ ಹೆಚ್ಚಿನ ಬಲ ಬೇಕಾದರೆ ಏನೋ ತಪ್ಪಿದೆ ಎಂದೇ ಅರ್ಥ. ಪ್ಲೇಟಿನ ದಪ್ಪದಿಂದಾಗಿ ನಟ್ಟಿಗೆ ಸಿಗುವ ಮರೆಯೂ (ಸ್ಟಡ್ಡಿನ ಮೇಲಿನ ತಿರುಪಿನ ಸುತ್ತುಗಳು) ಕಡಿಮೆಯಾಗುತ್ತದೆ. ನಟ್ಟು ಪೂರ್ತಿ ಕೂತ ಮೇಲೂ ಸ್ಟಡ್ಡಿನ ಒಂದೆರಡು ಸುತ್ತು ಹೊರಗೆ ಕಾಣುತ್ತಿದೆಯೇ ಎಂದು ನೋಡಿಕೊಂಡು, ಹೊಸ ನಟ್ಟುಗಳನ್ನು ಹಾಕಿ, ಕಾರಿನ ಸರ್ವಿಸ್ ಮ್ಯಾನುಯಲ್ಲಿನಲ್ಲಿರುವಷ್ಟೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿದೆ.

ಬಾನೆಟ್ ಮುಚ್ಚುವ ಮೊದಲು ಬಾರ್ ಮೇಲೆ ನಾಲ್ಕು ಕಡೆ ಮಕ್ಕಳು ಆಟವಾಡುವ ಬಣ್ಣದ ಮಣ್ಣಿನ ಉಂಡೆಗಳನ್ನಿಟ್ಟೆ. ಮೆಲ್ಲಗೆ ಮುಚ್ಚಿ ತೆರೆದಾಗ ಮೂರು ಉಂಡೆಗಳು ಬೆರಳಿನ ದಪ್ಪಕ್ಕೆ ಉಳಿದಿದ್ದವು. ನಾಲ್ಕನೆಯದು, ಬ್ಯಾಟರಿಯ ಬದಿಯದು, ದೋಸೆಯಂತೆ ಚಪ್ಪಟೆಯಾಗಿ ಬಾನೆಟ್ಟಿನ ಒಳಪದರದ ಗುರುತನ್ನು ತನ್ನ ಮೇಲೆ ಅಚ್ಚೊತ್ತಿಕೊಂಡಿತ್ತು. ಪ್ಲೇಟನ್ನು ಇನ್ನೂ ಒಂದು ಸಲ ಬಿಚ್ಚಿ ಕೋನ ಸರಿಪಡಿಸಿದ ಮೇಲೆ ಅಲ್ಲಿಯೂ ಅಂತರ ಸಿಕ್ಕಿತು. ಇದನ್ನು ಅತಿ ಜಾಗ್ರತೆ ಎಂದು ಯಾರೂ ಬಿಡಬಾರದು. ಬಾನೆಟ್ಟಿನ ಕೆಳಗೆ ಖಾಲಿ ಜಾಗ ಇಡುವುದರ ಒಂದು ಕಾರಣ, ಪಾದಚಾರಿಯೊಬ್ಬರು ಅದರ ಮೇಲೆ ಬಿದ್ದರೆ ತಗಡು ತಗ್ಗಿ ಪೆಟ್ಟನ್ನು ಕಡಿಮೆ ಮಾಡಲಿ ಎಂಬುದು. ಎಂಜಿನ್ ಕೂಡ ತನ್ನ ಮೌಂಟಿಂಗ್‌ಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ, ಅದಕ್ಕೂ ಬಾರ್ ತಾಗಬಾರದು.

ಅಡಿಯ ಬ್ರೇಸ್ ಜೊತೆಗೆ ಬಂದ ಬೋಲ್ಟುಗಳ ವಿಚಾರದಲ್ಲಿ ನನಗೆ ನಿಜವಾಗಿಯೂ ಬೇಸರವಾಯಿತು. ನನ್ನ ಕಾರಿನಲ್ಲಿ ಈ ಬ್ರೇಸ್ ಲೋವರ್ ಆರ್ಮಿನ ಬೋಲ್ಟನ್ನೇ ಹಂಚಿಕೊಳ್ಳುತ್ತದೆ. ಮೂಲ ಬೋಲ್ಟಿನ ತಲೆಯ ಮೇಲೆ 10.9 ಎಂಬ ಬಲದ ಗುರುತು ಇತ್ತು. ಅದರ ಬದಲಿಗೆ ಹಾಕಲು ಕೊಟ್ಟಿದ್ದ ಉದ್ದ ಬೋಲ್ಟುಗಳ ತಲೆ ಬೋಳಾಗಿತ್ತು. ಚಕ್ರವನ್ನು ಕಾರಿಗೆ ಹಿಡಿದಿಡುವ ಜಾಗದಲ್ಲಿ ಗುರುತಿಲ್ಲದ ಬೋಲ್ಟನ್ನು ಹಾಕಿ ಎಂದು ಯಾವ ತಯಾರಕರೂ ಹೇಳಬಾರದು. ಅವುಗಳನ್ನು ಪಕ್ಕಕ್ಕಿಟ್ಟು, ಅದೇ ಮರೆಯ, ಸರಿಯಾದ ಉದ್ದದ 10.9 ಬೋಲ್ಟುಗಳನ್ನು ತಂದು ಹಾಕಿದೆ. ಕಾರನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಒಂದು ಬದಿ ಮುಗಿಸಿದ ಮೇಲೆಯೇ ಇನ್ನೊಂದು ಬದಿಯನ್ನು ಬಿಚ್ಚಿದೆ. ಕೊನೆಯ ಬಿಗಿತವನ್ನು ಮಾತ್ರ ಚಕ್ರಗಳ ಮೇಲೆ ಭಾರ ಬಿದ್ದ ನಂತರ ಕೊಡಬೇಕು. ತೂಗಾಡುವ ಸ್ಥಿತಿಯಲ್ಲಿ ಬಿಗಿದರೆ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ.

ಪರಿಣಾಮವನ್ನು ತಿಳಿಯಲು ಒಂದೊಂದೇ ಬಾರ್ ಹಾಕಿ, ಒಂದೊಂದು ವಾರ ಅದೇ ರಸ್ತೆಯಲ್ಲಿ, ಟೈರಿನ ಗಾಳಿಯನ್ನು ಒಂದೇ ಪ್ರಮಾಣದಲ್ಲಿಟ್ಟು ಓಡಿಸಿದೆ. ಮೇಲಿನ ಬಾರ್ ಒಂದೇ ಇದ್ದಾಗ, ಉಬ್ಬು ತಗ್ಗಿರುವ ತಿರುವಿನಲ್ಲಿ ಸ್ಟೀರಿಂಗ್ ಚಕ್ರ ಕೈಯಲ್ಲಿ ಸಣ್ಣಗೆ ಅದುರುವುದು ಕಡಿಮೆಯಾಯಿತು, ಅಷ್ಟೇ. ಅಡಿಯ ಬ್ರೇಸ್ ಸೇರಿದ ದಿನ ವ್ಯತ್ಯಾಸ ಮೊದಲ ತಿರುವಿನಲ್ಲಿಯೇ ಗೊತ್ತಾಯಿತು: ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೂ ಕಾರಿನ ಮೂತಿ ತಿರುಗುವ ಕ್ಷಣಕ್ಕೂ ನಡುವೆ ಇದ್ದ ಸಣ್ಣ ತಡ ಹೋಗಿತ್ತು, ತಿರುವಿನ ಮಧ್ಯದಲ್ಲಿ ಮತ್ತೆ ಮತ್ತೆ ಸರಿಪಡಿಸಿಕೊಳ್ಳುವ ಅಗತ್ಯವೂ ಹೋಗಿತ್ತು. ಟೈರಿನ ಹಿಡಿತ ಇದರಿಂದ ಹೆಚ್ಚಾಗುವುದಿಲ್ಲ. ಹೆಚ್ಚು ವೇಗದಲ್ಲಿ ತಿರುಗಬಹುದು ಎಂದು ಯಾರೂ ತಿಳಿಯಬಾರದು. ಸವೆದ ಬುಷ್ ಅಥವಾ ಹಳೆಯ ಸ್ಟ್ರಟ್ ಮೌಂಟ್ ಇರುವ ಕಾರಿಗೆ ಮೊದಲು ಅವುಗಳನ್ನೇ ಬದಲಿಸಬೇಕು, ಬಾರ್ ಆ ಸವೆತವನ್ನು ಮುಚ್ಚಲಾರದು.

ಹಿಂಬದಿಯ ಬಾರಿನಿಂದ ನನಗೆ ಏನೂ ತಿಳಿಯಲಿಲ್ಲ. ನನ್ನ ಕಾರಿನ ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡ ತೊಲೆ; ಅಲ್ಲಿ ಅಡ್ಡ ಬಲವನ್ನು ಬೀಮ್ ತಾನೇ ಹೊತ್ತು ತನ್ನ ಬುಷ್‌ಗಳ ಮೂಲಕ ಬಾಡಿಗೆ ದಾಟಿಸುತ್ತದೆ, ಷಾಕ್ ಅಬ್ಸಾರ್ಬರಿನ ಮೇಲ್ತುದಿಗೆ ಬರುವುದು ಹೆಚ್ಚಾಗಿ ಮೇಲೆ ಕೆಳಗಿನ ಬಲ. ಡಿಕ್ಕಿಯಲ್ಲಿ ದೊಡ್ಡ ಪೆಟ್ಟಿಗೆ ಇಡಲು ಜಾಗವಿಲ್ಲದಂತಾದ್ದರಿಂದ ಎರಡು ತಿಂಗಳಿಗೆ ಅದನ್ನು ಬಿಚ್ಚಿದೆ. ಈ ಕಿಟ್ಟನ್ನು ಬಿಡಿಬಿಡಿಯಾಗಿ ಮಾರುವುದಾದರೆ ಹಿಂಬದಿಯದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಅಡಿಯ ಬ್ರೇಸಿನಿಂದ ನೆಲದ ಅಂತರ ತುಸು ಕಡಿಮೆಯಾಗಿದೆ. ಎತ್ತರದ ಉಬ್ಬುಗಳನ್ನು ಈಗ ಓರೆಯಾಗಿ ಹತ್ತಿಸುತ್ತೇನೆ. ಮೇಲಿನ ಬಾರ್ ಇರುವಾಗ ಒಂದು ಬದಿಗೆ ಜೋರಾದ ಪೆಟ್ಟು ಬಿದ್ದರೆ ಅದು ಇನ್ನೊಂದು ಟವರಿಗೂ ದಾಟುವ ಸಾಧ್ಯತೆ ಇದೆ, ಆದ್ದರಿಂದ ಜೋಡಿಸುವ ಮೊದಲೇ ವಿಮೆಯವರಿಗೆ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆದಿದ್ದೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟುಗಳಿಗೂ ಮತ್ತೆ ಟಾರ್ಕ್ ರೆಂಚ್ ಹಾಕಿ ನೋಡಿದಾಗ, ಅರದಿಂದ ಉಜ್ಜಿದ ಬಲಗಡೆಯ ಪ್ಲೇಟಿನ ಒಂದು ನಟ್ಟು ಕಾಲು ಸುತ್ತು ಬಿಗಿತ ತೆಗೆದುಕೊಂಡಿತು. ಅದಾದ ಮೇಲೆ ಇಂದಿನವರೆಗೆ ಯಾವುದೂ ಸಡಿಲವಾಗಿಲ್ಲ.