ಆಟಿಗೂ ಬೇಸಗೆಗೂ ಒಂದೇ ಔಷಧಿ ಸಾಲದು: ನಮ್ಮ ಮನೆಯ ಕೀಟ ನಿಯಂತ್ರಣದ ಒಂದು ವರ್ಷ

ಪುತ್ತೂರಿನ ಹತ್ತಿರದ ನಮ್ಮ ಮನೆಗೆ ಕೀಟ ನಿಯಂತ್ರಣದ ವಾರ್ಷಿಕ ಒಪ್ಪಂದ ಮಾಡಿಕೊಂಡು ಈ ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಒಂದು ವರ್ಷವಾಯಿತು. ಮುಂದಿನ ವರ್ಷಕ್ಕೂ ಅವರನ್ನೇ ಕರೆಯುತ್ತೇನೆ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಬ್ಬರು ಹುಡುಗರು, ಒಂದು ಬೈಕು, ಸುತ್ತಲಿನ ನಾಲ್ಕಾರು ಗ್ರಾಮ, ಇಷ್ಟೇ ಅವರ ವ್ಯಾಪ್ತಿ. ಕುಂದಾಪುರದವರಿಗೋ ಶಿರಸಿಯವರಿಗೋ ಆ ಹೆಸರಿನಿಂದ ಪ್ರಯೋಜನವಿಲ್ಲ. ಯಾವ ತಿಂಗಳಲ್ಲಿ ಏನು ಮಾಡಿದರು, ಏನು ಮಾಡಲು ಒಪ್ಪಲಿಲ್ಲ ಎಂಬುದು ಮಾತ್ರ ಮಳೆ ಸುರಿಯುವ ಊರಿನವರಿಗೆಲ್ಲ ಉಪಯೋಗಕ್ಕೆ ಬಂದೀತು.

ನಮ್ಮದು ಮುಂದೆ ಹಳೆಯ ಹಂಚಿನ ಮಾಡು, ಹಿಂದೆ ಆಮೇಲೆ ಕಟ್ಟಿಸಿದ ತಾರಸಿ ಅಡಿಗೆಮನೆ. ಅಟ್ಟದಲ್ಲಿ ಅಡಿಕೆ, ತೆಂಗಿನಕಾಯಿ. ಅಂಗಳ ಇಳಿದರೆ ತೋಟ, ತೋಟದಾಚೆ ನೆರೆಯವರ ರಬ್ಬರ್. ಅತ್ತೆಗೆ ಉಬ್ಬಸ ಉಂಟು. ಮಗಳಿಗೆ ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು. ಹಾಗಾಗಿ ಮನೆಯೊಳಗೆ ಯಾರು ಏನನ್ನು ಸಿಂಪಡಿಸುತ್ತಾರೆ ಎಂಬ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಇವರಿಗಿಂತ ಮೊದಲು ದೊಡ್ಡ ಕಂಪೆನಿಯೊಂದರ ಸೇವೆ ಇತ್ತು. ಮೂರು ತಿಂಗಳಿಗೊಮ್ಮೆ ಬರುವುದು, ಮೂಲೆಮೂಲೆಗೆ ಹೊಡೆಯುವುದು, ಸಹಿ ಹಾಕಿಸಿಕೊಂಡು ಹೋಗುವುದು. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯ ಮಧ್ಯೆ ಹೊರಗೋಡೆಗೆ ಔಷಧಿ ಹೊಡೆದು ಹೋದರು. ಸಂಜೆಯೊಳಗೆ ಅದೆಲ್ಲ ತೊಳೆದು ತೋಟಕ್ಕೆ ಹರಿಯಿತು. ದುಡ್ಡು ದಂಡವಾದದ್ದಕ್ಕಿಂತ ಆ ನೀರು ಬಾವಿಯ ಪಕ್ಕದಿಂದ ಹರಿದದ್ದು ನನ್ನನ್ನು ಬಹಳ ಕಾಡಿತು. ಪಟ್ಟಿಯಲ್ಲಿ ಆ ದಿನ ಇತ್ತು, ಆದ್ದರಿಂದ ಬಂದರು, ಅಷ್ಟೇ.

ಈಗಿನವರು ಮೊದಲ ಸಲ ಬಂದಾಗ ಡಬ್ಬಿಯನ್ನೇ ತೆರೆಯಲಿಲ್ಲ. “ಅಕ್ಕ, ಅಟ್ಟಕ್ಕೆ ಏಣಿ ಉಂಟಾ?” ಎಂದು ಕೇಳಿ, ಟಾರ್ಚು ಹಿಡಿದು ಹತ್ತಿದವರು ಇಳಿದದ್ದು ಮಧ್ಯಾಹ್ನಕ್ಕೆ. ಮೇ ತಿಂಗಳ ಕೆಲಸ ಇಲಿಯದ್ದು ಮಾತ್ರ. ಮಳೆ ಹಿಡಿದ ಮೇಲೆ ತೋಟದ ಬಿಲಗಳಿಗೆ ನೀರು ನುಗ್ಗುತ್ತದೆ, ಇಲಿಗಳು ಮನೆಯ ಕಡೆಗೆ ಬರುತ್ತವೆ, ಆಗ ತೂತು ಮುಚ್ಚಿದರೆ ಅವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ ಎಂದು ಆ ಹುಡುಗ ವಿವರಿಸಿದ. ಚಿಕ್ಕ ಇಲಿಗೆ 6 ಮಿಲಿಮೀಟರ್ ಸಂದಿ ಸಾಕು, ಅಂದರೆ ಪೆನ್ಸಿಲ್ ದಪ್ಪ. ಗೋಡೆಗೂ ಮಾಡಿಗೂ ನಡುವಿನ ಸಂದಿಗೆ ಕಾಲು ಇಂಚಿನ ಕಬ್ಬಿಣದ ಬಲೆ ಹೊಡೆದರು. ಬಚ್ಚಲಿನ ಪೈಪು ಹೊರಹೋಗುವ ತೂತಿಗೆ ಸ್ಟೀಲ್ ಜುಂಗು ತುರುಕಿ ಸಿಮೆಂಟು ಮೆತ್ತಿದರು. ಹಿಂಬಾಗಿಲ ಅಡಿಗೆ ರಬ್ಬರ್ ಪಟ್ಟಿ ಬಂತು. ಮಾಡಿಗೆ ತಾಗುತ್ತಿದ್ದ ಹಲಸಿನ ಗೆಲ್ಲು ಕಡಿಯಲು ನಮಗೆ ಹೇಳಿದರು. ಅದು ಇಲಿಗಳ ಸೇತುವೆಯಾಗಿತ್ತು.

ವಿಷ ಇಟ್ಟದ್ದು ಕೊಟ್ಟಿಗೆಯ ಹೊರಗೆ, ಬೀಗವಿರುವ ಪೆಟ್ಟಿಗೆಯೊಳಗೆ ಮಾತ್ರ. ಬ್ರೋಮಾಡಿಯೋಲೋನ್ ಬಿಲ್ಲೆಗಳು. ಅವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ಇಲಿ ಸಾಯಲು ಕೆಲವು ದಿನ ಬೇಕು. ಸತ್ತ ಇಲಿಯನ್ನು ಬೆಕ್ಕೋ ಗೂಬೆಯೋ ತಿಂದರೆ ಅವಕ್ಕೂ ಅಪಾಯ, ಹಾಗಾಗಿ ಸತ್ತದ್ದನ್ನು ಕಂಡ ಕೂಡಲೇ ಹೂಳಬೇಕು. ಒಳಗೆ ಬೋನು ಸಾಕು ಎಂದರು. ನನಗೆ ಮೆಚ್ಚುಗೆಯಾದದ್ದು ಇನ್ನೊಂದು. ಒಂದು ಕಾರ್ಡಿನಲ್ಲಿ ಔಷಧಿಯ ಹೆಸರು, ಪ್ರಮಾಣ, ಪ್ರತಿವಿಷ ವಿಟಮಿನ್ ಕೆ1 ಎಂದು ಬರೆದು ಅಡಿಗೆಮನೆಯ ಬಾಗಿಲಿನ ಒಳಗೆ ಅಂಟಿಸಿದರು. ಮಕ್ಕಳಿರುವ ಮನೆಯಲ್ಲಿ ಆ ಕಾರ್ಡು ಇರಲೇಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಇಲಿಜ್ವರ ಹೊಸದಲ್ಲ. ಇಲಿಯ ಮೂತ್ರ ಸೇರಿದ ಕೆಸರುನೀರು ಕಾಲಿನ ಗಾಯಕ್ಕೆ ತಾಗಿದರೂ ಸಾಕು. ಬರಿಗಾಲಲ್ಲಿ ತೋಟಕ್ಕಿಳಿಯುವ ಮನೆಯವರಿಗೆ ಇಲಿ ಎಂದರೆ ಅಡಿಕೆ ಕಡಿದು ಹಾಳುಮಾಡುವ ಪ್ರಾಣಿ ಮಾತ್ರವಲ್ಲ.

ಜುಲೈಯಲ್ಲಿ ಬಂದಾಗ ಮತ್ತೆ ಡಬ್ಬಿ ಇರಲಿಲ್ಲ, ಕೊಡೆ ಇತ್ತು. ಸೀದಾ ತೋಟಕ್ಕೆ ಹೋದರು. ಬಿದ್ದ ಅಡಿಕೆ ಹಾಳೆಯ ಬುಡದಲ್ಲಿ ಎರಡು ಲೋಟದಷ್ಟು ನೀರು, ಅದರಲ್ಲಿ ಕುಣಿಯುವ ಸೊಳ್ಳೆಮರಿಗಳು. ನೆರೆಯವರ ರಬ್ಬರ್ ಮರಗಳಲ್ಲಿ ಮಳೆಗೆ ಟ್ಯಾಪಿಂಗ್ ನಿಂತಿತ್ತು, ಹಾಲು ಹಿಡಿಯುವ ಚಿರಟೆಗಳು ಮರದಲ್ಲೇ ಬಾಯಿ ಮೇಲಾಗಿ ಉಳಿದಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಷ್ಟು ನೀರು ಧಾರಾಳ. ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹೆಚ್ಚೆಂದರೆ ಹತ್ತು ದಿನ. ಮೊಟ್ಟೆಯನ್ನು ಪಾತ್ರೆಯ ಅಂಚಿಗೆ ಅಂಟಿಸಿ ಇಡುತ್ತದೆ, ನೀರು ಒಣಗಿದರೂ ಅದು ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಡ್ರಮ್ಮಿನ ನೀರು ಚೆಲ್ಲಿದರೆ ಮುಗಿಯಲಿಲ್ಲ, ಬದಿಯನ್ನು ತಿಕ್ಕಿ ತೊಳೆಯಬೇಕು. ಇದು ನನಗೆ ಗೊತ್ತಿರಲಿಲ್ಲ.

ಹೊಗೆ ಬಿಡುವುದಿಲ್ಲವಾ ಎಂದು ಅತ್ತೆ ಕೇಳಿದರು. “ಅಮ್ಮ, ಹೊಗೆಗೆ ಆಗ ಹಾರುತ್ತಿರುವ ಸೊಳ್ಳೆ ಮಾತ್ರ ಸಾಯುವುದು. ನೀರಲ್ಲಿರುವ ಮರಿ ನಾಳೆ ಹಾರುತ್ತದೆ. ನಿಮ್ಮ ಉಬ್ಬಸಕ್ಕೂ ಅದು ಒಳ್ಳೆಯದಲ್ಲ” ಎಂದ ಹುಡುಗ. ಹೊಗೆ ಬಿಟ್ಟಿದ್ದರೆ ಅವರಿಗೆ ಬೇರೆ ಬಿಲ್ಲು ಸಿಗುತ್ತಿತ್ತು. ನೆರೆಯವರ ಮನೆಗೂ ಅವನೇ ಹೋಗಿ ಮಾತಾಡಿದ. ಅವರು ಎರಡೇ ದಿನದಲ್ಲಿ ಚಿರಟೆಗಳನ್ನೆಲ್ಲ ಕವುಚಿ ಹಾಕಿಸಿದರು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ದಂಡ ಹಾಕುವ ಮೊದಲು ಯಾರಾದರೂ ಬಂದು ಹಾಳೆಯ ಬುಡ ತೋರಿಸಿಕೊಟ್ಟರೆ ಜನ ತಾವಾಗಿಯೇ ಸರಿಮಾಡುತ್ತಾರೆ.

ದೀಪಾವಳಿ ಕಳೆದ ಮೇಲೆ ಜಿರಳೆಯ ಕೆಲಸ. ಈ ಭಾಗಕ್ಕೆ ನನ್ನ ಪೂರ್ತಿ ಅಂಕ. ಅಡಿಗೆಮನೆಯಲ್ಲಿ ಒಂದು ಹನಿ ಸಿಂಪಡಣೆ ಇಲ್ಲ. ಪಾತ್ರೆ ತೆಗೆಯಬೇಕಿಲ್ಲ, ಅತ್ತೆಯನ್ನು ನಾದಿನಿಯ ಮನೆಗೆ ಕಳಿಸಬೇಕಿಲ್ಲ. ಕಪಾಟಿನ ಕೀಲು, ಸಿಂಕಿನ ಅಡಿ, ಫ್ರಿಜ್ಜಿನ ಮೋಟಾರಿನ ಹಿಂಭಾಗ, ಮಿಕ್ಸಿ ಇಡುವ ಕಟ್ಟೆಯ ಸಂದಿಗಳಲ್ಲಿ ಅಕ್ಕಿಕಾಳಿನಷ್ಟು ಜೆಲ್ ಚುಕ್ಕಿ ಇಟ್ಟರು. ಫಿಪ್ರೋನಿಲ್, ಬರೀ 0.05 ಶೇಕಡ. ತಿಂದ ಜಿರಳೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಬೇರೆಯವೂ ಸಾಯುತ್ತವೆ. ನಮ್ಮ ಕಡೆಯಿಂದ ಬೇಕಾದದ್ದು ಒಂದೇ: ಚುಕ್ಕಿ ಇಟ್ಟ ಜಾಗಕ್ಕೆ ಫಿನಾಯಿಲ್ ಒರೆಸಬಾರದು, ಅಂಗಡಿಯ ಸ್ಪ್ರೇ ಹೊಡೆಯಬಾರದು. ಆ ವಾಸನೆಗೆ ಜಿರಳೆ ಜೆಲ್ಲಿನ ಹತ್ತಿರವೇ ಸುಳಿಯುವುದಿಲ್ಲ. ಅಡಿಗೆಮನೆಯ ಸಣ್ಣ ಕಂದು ಜಿರಳೆ ಮೂವತ್ತು ನಲವತ್ತು ಮೊಟ್ಟೆಗಳ ಚೀಲವನ್ನು ಮರಿಯಾಗುವವರೆಗೆ ಹೊತ್ತೇ ತಿರುಗುತ್ತದೆ. ಅದಕ್ಕಾಗಿ ಕೆಲವು ವಾರ ಬಿಟ್ಟು ಎರಡನೆಯ ಸಲ ಇಡಲೇಬೇಕು ಎಂದು ಮೊದಲೇ ಹೇಳಿದ್ದರು, ಹೇಳಿದಂತೆ ಬಂದರು. ಜಿರಳೆಯ ಹಿಕ್ಕೆಯ ಧೂಳೇ ಉಬ್ಬಸ ಕೆರಳಿಸುತ್ತದೆ. ಈ ಚಳಿಯಲ್ಲಿ ಅತ್ತೆ ರಾತ್ರಿ ಎದ್ದು ಕೂರುವುದು ಕಡಿಮೆಯಾಯಿತು. ಇದಕ್ಕೆ ಕಾರಣ ಇದೊಂದೇ ಎಂದು ನಾನು ಹೇಳಲಾರೆ, ಆದರೆ ಮನಸ್ಸಿಗೆ ದೊಡ್ಡ ಸಮಾಧಾನ.

ಅದೇ ದಿನ ಮಗಳ ಬಟ್ಟೆಯ ಪೆಟ್ಟಿಗೆಯಿಂದ ನುಸಿಗುಳಿಗೆ ತೆಗೆಸಿದರು. ಹುಟ್ಟಿನಿಂದಲೇ ಒಂದು ಬಗೆಯ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರ ಆವಿಯಿಂದ ಕೆಂಪು ರಕ್ತಕಣ ಒಡೆಯುವ ಅಪಾಯ ಉಂಟಂತೆ. ನಮ್ಮ ಮಕ್ಕಳ ಡಾಕ್ಟರರೂ ಹೌದೆಂದರು.

ಗೆದ್ದಲಿನ ವಿಷಯದಲ್ಲಿ ನನಗೆ ಅಸಮಾಧಾನ ಉಂಟು. ಜನವರಿಯಲ್ಲಿ ಚಾವಡಿಯ ಬಾಗಿಲ ದಾರಂದದ ಮೇಲೆ ಮಣ್ಣಿನ ಗೆರೆ ಕಂಡಿತು. ಗೋಡೆಯೂ ನೆಲವೂ ಸೇರುವಲ್ಲಿ 30 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರಿನ ತೂತು ಕೊರೆದು ಇಮಿಡಾಕ್ಲೋಪ್ರಿಡ್ ದ್ರಾವಣ ತುಂಬಿಸಿದರು. ಪದ್ಧತಿ ಸರಿಯೇ, ಕಟ್ಟಿದ ಮನೆಗೆ ಹೀಗೇ ಮಾಡುವುದು. ಬಾವಿಯ ಕಡೆಯ ಗೋಡೆಗೆ ಮಾತ್ರ ಹಾಕುವುದಿಲ್ಲ ಎಂದರು. ಅದಕ್ಕೆ ಧನ್ಯವಾದ ಹೇಳಿದೆ. ಆದರೆ ಕೆಂಪು ಕಾವಿ ನೆಲದ ತೂತುಗಳಿಗೆ ಬೂದು ಸಿಮೆಂಟು ತುಂಬಿಸಿ ಹೋದರು. ಅತ್ತೆ ವರ್ಷಗಟ್ಟಲೆ ಉಜ್ಜಿ ಹೊಳಪು ತಂದ ನೆಲ ಅದು. ಒಂದಿಷ್ಟು ಕೆಂಪು ಆಕ್ಸೈಡ್ ಬೆರೆಸಲು ಎಷ್ಟು ಹೊತ್ತು ಬೇಕು? ಮೇ ತಿಂಗಳ ಮೊದಲ ಮಳೆಗೆ ಒಳಕೋಣೆಯ ಇನ್ನೊಂದು ದಾರಂದದಿಂದ ಈಸಲು (ರೆಕ್ಕೆ ಬಂದ ಗೆದ್ದಲು) ಎದ್ದದ್ದೂ ನಿಜ. ಒಪ್ಪಂದದಲ್ಲಿ ಗೆದ್ದಲಿಗೆ ಮರುಕೆಲಸ ಉಚಿತ ಎಂದು ಬರೆದಿದ್ದರಿಂದ ಬಂದು ಮಾಡಿಕೊಟ್ಟರು.

ಬೇಸಗೆಯ ಕಾಟ ಬೇರೆ ಥರದ್ದು. ಏಪ್ರಿಲ್ ಮಳೆ ಒಂದು ಬಿದ್ದರೆ ರಬ್ಬರ್ ತೋಟದ ತರಗೆಲೆಯಲ್ಲಿದ್ದ ಕಪ್ಪು ಹುಳುಗಳು ಸಾವಿರಗಟ್ಟಲೆ ದೀಪಕ್ಕೆ ಬಂದು ಹಂಚಿನ ಸಂದಿ ಸೇರುತ್ತವೆ. ಕೇರಳದವರು ಮುಪ್ಲಿ ಎನ್ನುವ ಹುಳು ಇದೇ. ಕಚ್ಚುವುದಿಲ್ಲ, ಆದರೆ ಜಜ್ಜಿದರೆ ಕೆಟ್ಟ ವಾಸನೆ, ಚರ್ಮಕ್ಕೆ ತಾಗಿದಲ್ಲಿ ಉರಿ. ಇದನ್ನು ಪೂರ್ತಿ ನಿಲ್ಲಿಸುವ ಔಷಧಿ ತಮ್ಮಲ್ಲಿಲ್ಲ, ಮಾಡಿಗೆಲ್ಲ ಹೊಡೆದರೆ ವಿಷ ನಿಮ್ಮ ತಲೆಯ ಮೇಲೇ ಉದುರುತ್ತದೆ ಎಂದು ನೇರವಾಗಿ ಹೇಳಿದರು. ಹುಳು ಹಾರುವ ವಾರಗಳಲ್ಲಿ ಮುಸ್ಸಂಜೆಗೆ ಮನೆಯ ದೀಪ ಆರಿಸಿ, ದೂರದ ಕೊಟ್ಟಿಗೆಯಲ್ಲಿ ಒಂದು ಬಲ್ಬು ಉರಿಸಿ, ಅದರಡಿ ಸಾಬೂನು ನೀರಿನ ಬಾನಿ ಇಡಲು ಹೇಳಿದರು. ಬಾನಿ ತುಂಬಿತು; ಮನೆಗೆ ಬಂದದ್ದು ಕಡಿಮೆಯಾಯಿತು, ನಿಲ್ಲಲಿಲ್ಲ.

ನೀವು ಯಾರನ್ನೇ ಕರೆದರೂ ಮೊದಲು ಪರವಾನಗಿ ಕೇಳಿ. ಕೀಟನಾಶಕ ಕಾಯ್ದೆ 1968ರ ಅಡಿಯಲ್ಲಿ ಈ ಕೆಲಸಕ್ಕೆ ಪರವಾನಗಿ ಬೇಕು. ಡಬ್ಬಿಯ ಲೇಬಲ್ಲಿನ ಬಣ್ಣವನ್ನೂ ನೋಡಿ: ಕೆಂಪು ಎಲ್ಲಕ್ಕಿಂತ ಘೋರ, ನಂತರ ಹಳದಿ, ನೀಲಿ, ಹಸಿರು. ಇವರು ಕೇಳುವ ಮೊದಲೇ ಎರಡನ್ನೂ ತೋರಿಸಿದರು. ಲೇಬಲ್ಲಿಲ್ಲದ ಬಾಟಲಿಯಲ್ಲಿ ಔಷಧಿ ತಂದವರನ್ನು ಅಂಗಳದಿಂದಲೇ ವಾಪಸು ಕಳಿಸಿ.

ಗೆದ್ದಲಿನ ಕೆಲಸವೂ ಸೇರಿ ವರ್ಷಕ್ಕೆ ಒಂಬತ್ತು ಸಾವಿರ ಕೊಟ್ಟೆವು. ಹಳೆಯ ಕಂಪೆನಿಗಿಂತ ಹೆಚ್ಚೇ. ಮಳೆ ಜೋರಿದ್ದರೆ ಹೇಳಿದ ದಿನ ಬರುವುದಿಲ್ಲ, ಫೋನಿಗೂ ಕೆಲವೊಮ್ಮೆ ಸಿಗುವುದಿಲ್ಲ. ಇಬ್ಬರೇ ಇರುವುದರಿಂದ ಇದಕ್ಕೆ ಸದ್ಯ ಪರಿಹಾರ ಕಾಣುವುದಿಲ್ಲ. ಈ ಸಲದ ಒಪ್ಪಂದದಲ್ಲಿ ಎರಡು ಸಾಲು ಹೊಸದಾಗಿ ಸೇರಿಸಿದ್ದೇವೆ: ಮೇ ತಿಂಗಳ ತಪಾಸಣೆಯಲ್ಲಿ ಮನೆಯ ಎಲ್ಲ ದಾರಂದಗಳನ್ನೂ ತಟ್ಟಿ ನೋಡಬೇಕು, ನೆಲ ಕೊರೆದರೆ ನೆಲದ ಬಣ್ಣಕ್ಕೇ ಮುಚ್ಚಿಕೊಡಬೇಕು. ಇಬ್ಬರೂ ಒಪ್ಪಿ ಸಹಿ ಹಾಕಿದ್ದಾರೆ.