ಮನ್ಸೂರರ 'ನನ್ನ ರಸಯಾತ್ರೆ': ಯಾರಿಗೆ ಹಿಡಿಸುತ್ತದೆ, ಯಾರಿಗೆ ಇಲ್ಲ

ಗಾಯಕರ ಆತ್ಮಕಥೆ ಅಂದರೆ ಯಾರಿಗೆ ಯಾರನ್ನು ಕಂಡರೆ ಆಗುತ್ತಿರಲಿಲ್ಲ, ಯಾರು ಯಾರ ಕಛೇರಿ ತಪ್ಪಿಸಿದರು ಅನ್ನೋ ಕಥೆ ಹುಡುಕುವವರು ಈ ಪುಸ್ತಕ ಕೊಳ್ಳಬೇಡಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತಮ್ಮ ಈ ಆತ್ಮಕಥೆಯಲ್ಲಿ ತಮಗಿಂತ ತಮ್ಮ ಗುರುಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದಾರೆ. ಪುಟ್ಟ ಪುಸ್ತಕ, ಬೇಗ ಓದಿ ಮುಗಿಯುತ್ತದೆ.

ಧಾರವಾಡದ ಪಕ್ಕದ ಮನ್ಸೂರು, ನಾಟಕ ಕಂಪನಿ, ಆಮೇಲೆ ಮಿರಜದಲ್ಲಿ ನೀಲಕಂಠ ಬುವಾ ಅವರ ಹತ್ತಿರ ಗ್ವಾಲಿಯರ್ ಶೈಲಿಯ ಹಾಡುಗಾರಿಕೆಯ ಪಾಠ. ಇಲ್ಲಿವರೆಗೆ ಬಹಳ ಜನ ಕೇಳಿರುವ ಕಥೆಯೇ. ನನಗೆ ಹಿಡಿಸಿದ್ದು ಮುಂದಿನ ಭಾಗ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಯ ಗ್ರಾಮಫೋನ್ ತಟ್ಟೆಗಳಿಂದ ಹೆಸರು ಬಂದಿದೆ, ಅದನ್ನೇ ಇಟ್ಟುಕೊಂಡು ಆರಾಮಾಗಿ ಹಾಡಿಕೊಂಡು ಇರಬಹುದಿತ್ತು, ಆದರೆ ಈ ಮನುಷ್ಯ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಮತ್ತೆ ಶಿಷ್ಯನಾಗಿ ಕೂರುತ್ತಾರೆ. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಪಾಠ ನಿಲ್ಲಲಿಲ್ಲ, ಅವರ ತಮ್ಮ ಭುರ್ಜಿ ಖಾನರ ಹತ್ತಿರ ಮುಂದುವರಿಯಿತು. ಈಗ ಒಂದು ವಿಡಿಯೋ ಓಡಿದರೆ ಸಾಕು, ಪಾಠ ಹೇಳಿಕೊಡೋಕೆ ಶುರು ಮಾಡುತ್ತಾರೆ, ಅಲ್ವಾ?

ಆ ಕಾಲದ ತಟ್ಟೆಯ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲೇ ರಾಗದ ರೂಪ ಕಟ್ಟಿ ತೋರಿಸುತ್ತಿದ್ದವರು, ಅಲ್ಲಾದಿಯಾ ಖಾನರ ಜೈಪುರ-ಅತ್ರೌಲಿ ಘರಾನೆಗೆ, ಅಂದರೆ ಆ ಗಾಯನ ಪರಂಪರೆಗೆ, ಬಂದು ಏಕ ನಿಷಾದ ಬಿಹಾಗಡಾ, ಖಟ್, ಶಿವಮತ ಭೈರವದಂಥ ಅಪರೂಪದ ರಾಗಗಳನ್ನು ಹಿಡಿದರು. ಮಾರುಕಟ್ಟೆ ಲೆಕ್ಕದಲ್ಲಿ ಇದು ಶುದ್ಧ ನಷ್ಟದ ಬಾಬತ್ತು. ಗೊತ್ತಿರುವ ಯಮನ್, ಭೈರವಿ ಕೇಳೋಕೆ ಬಂದ ಕೇಳುಗನಿಗೆ ಇವು ಸುಲಭಕ್ಕೆ ದಕ್ಕಲ್ಲ. ದೊಡ್ಡ ಮನ್ನಣೆ ತಡವಾಗಿ ಬರೋಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಪದ್ಮಶ್ರೀ ಬಂದಿದ್ದು 1970ರಲ್ಲಿ, ವಯಸ್ಸು ಅರವತ್ತರ ಹತ್ತಿರ. ಪದ್ಮವಿಭೂಷಣ 1992ರಲ್ಲಿ, ಅದೇ ವರ್ಷ ಸೆಪ್ಟೆಂಬರಲ್ಲಿ ಹೋಗಿಬಿಟ್ಟರು. ಇಷ್ಟಾದರೂ ಬರವಣಿಗೆಯಲ್ಲಿ ಗೊಣಗಾಟ ಇಲ್ಲ. ಸಭ್ಯತೆ ಸ್ವಲ್ಪ ಅತಿಯಾಯಿತು ಅಂತ ಕೂಡ ಅನಿಸಿತು ನನಗೆ.

ಕೊರತೆ ಅಂದರೆ ದುಡ್ಡಿನ ವಿಷಯ. ರೆಕಾರ್ಡ್ ಕಂಪನಿ, ರೇಡಿಯೋ, ಕಛೇರಿ, ಮೂರನ್ನೂ ಒಳಗಿನಿಂದ ಕಂಡವರು. ಸಂಸಾರ ಹೇಗೆ ತೂಗಿತು, ಕಂಪನಿಯವರ ಜತೆ ವ್ಯವಹಾರ ಹೇಗಿತ್ತು ಅನ್ನೋದನ್ನು ಇನ್ನೂ ಬಿಡಿಸಿ ಹೇಳಬೇಕಿತ್ತು.

ಸಂಗೀತ ಕಲಿಯುತ್ತಿರುವವರು ಸುಮ್ನೆ ಯೋಚನೆ ಮಾಡದೆ ಕೊಳ್ಳಿ. ಕನ್ನಡ ಓದೋಕೆ ಬಾರದ ಮಕ್ಕಳಿದ್ದರೆ ಮಲ್ಲಿಕಾರ್ಜುನರ ಮಗ ರಾಜಶೇಖರ ಮನ್ಸೂರರು ಮಾಡಿದ ಇಂಗ್ಲಿಷ್ ಅನುವಾದ ಇದೆ. ರಾಗದ ಗಂಧ ಇಲ್ಲದವರು ಮೊದಲು ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಕೇಳಿ, ಪುಸ್ತಕ ಆಮೇಲೆ ನೋಡೋಣ.